ಬಳೆ ಏರದ ಬಲಗೈ

ನನ್ನ ಎರಡು ಕೈಗೂ ಒಂದೇ ಅಳತೆಯ ಬಳೆ ಆಗುವುದಿಲ್ಲ ಎನ್ನುವುದು ನಮ್ಮ ಮನೆಯ ಹಳೆಯ ತಮಾಷೆ. ಎಡಗೈಗೆ ಟೂ-ಫೋರ್, ಬಲಗೈಗೆ ಅದಕ್ಕಿಂತ ಒಂದು ಅಳತೆ ದೊಡ್ಡದು, ಟೂ-ಸಿಕ್ಸ್. ಹಬ್ಬ ಹುಣ್ಣಿಮೆಗೆ ಗುಬ್ಬಿಯಿಂದ ನಮ್ಮ ಹಾಗಲವಾಡಿಗೆ ಬಳೆ ತರುವ ಹೊನ್ನಮ್ಮ ನನಗಾಗಿಯೇ ಎರಡು ಬೇರೆ ಬೇರೆ ಕಟ್ಟು ಬಿಚ್ಚುತ್ತಿದ್ದರು. "ನಿಂದು ಒಂದ್ ಕೈ ಹೆಣ್ಣು, ಒಂದ್ ಕೈ ಗಂಡು ಕಣವ್ವ ಸವಿತಾ" ಎಂದು ನಗಾಡುತ್ತಾ ನನ್ನ ಬೆರಳುಗಳನ್ನು ಒಟ್ಟುಮಾಡಿ ಹಿಸುಕಿ ಬಳೆ ಜಾರಿಸುತ್ತಿದ್ದರು. ಅವರ ಕೈಯಲ್ಲಿ ಒಂದು ಬಳೆಯೂ ಒಡೆದದ್ದನ್ನು ನಾನು ನೋಡಿಲ್ಲ.

ಬಲಗೈ ದಪ್ಪವಾಗಿದ್ದಕ್ಕೆ ಕಾರಣ ಎಲ್ಲರಿಗೂ ಗೊತ್ತಿತ್ತು. ನಾನು ಬೇಸ್‌ಬಾಲ್ ಆಡುತ್ತೇನೆ. "ಅಮೆರಿಕದೋರ ಚಿನ್ನಿದಾಂಡು" ಎಂದು ನಮ್ಮಪ್ಪ ಊರಿನವರಿಗೆ ವಿವರಿಸುತ್ತಾರೆ. ಅದಕ್ಕಿಂತ ಚೆನ್ನಾಗಿ ವಿವರಿಸಲು ತುಮಕೂರಿನ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿರುವ ನನಗೂ ಬರುವುದಿಲ್ಲ. ತೆಂಗಿನ ತೋಟ, ರಾಗಿ ಹೊಲದ ಮನೆಯ ಹುಡುಗಿ ಈ ಆಟಕ್ಕೆ ಬಂದದ್ದು ಕಾಲೇಜಿನಲ್ಲಿ, ಪುಟ್ಟಸ್ವಾಮಿ ಮೇಷ್ಟ್ರ ದೆಸೆಯಿಂದ. ಥ್ರೋಬಾಲ್ ಆಡುತ್ತಿದ್ದ ನನ್ನನ್ನು ಕರೆದು, "ಆ ಗೋಡೆ ಮೇಲಿನ ಗುರುತಿಗೆ ಹೊಡಿ ನೋಡಾಣ" ಎಂದರು. ಹೊಡೆದೆ. ಅವತ್ತಿನಿಂದ ಹತ್ತು ವರ್ಷ ಹೊಡೆಯುತ್ತಲೇ ಇದ್ದೆ.

ಮೇಷ್ಟ್ರ ಜಿಲ್ಲಾ ತಂಡದಲ್ಲಿ ನನ್ನ ಕೆಲಸವೇನೆಂದು ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಕಾಯಿಲೆ ಹುಟ್ಟಿದ್ದೇ ಆ ಕೆಲಸದಿಂದ. ಬ್ಯಾಟು ಹಿಡಿದವರಿಗೆ ಚೆಂಡೆಸೆಯುವವಳು ಪಿಚ್ಚರ್. ನಮ್ಮಲ್ಲಿ ಆಟ ಶುರುಮಾಡುವ ಪಿಚ್ಚರ್ ಆಶಾ. ಅವಳಿಗೆ ಸುಸ್ತಾದಾಗ, ಇಲ್ಲವೇ ಎದುರಾಳಿಗಳು ಅವಳ ಎಸೆತವನ್ನು ಚಚ್ಚತೊಡಗಿದಾಗ, ಒಳಗೆ ಹೋಗಿ ಆಟ ಮುಗಿಸಿ ಬರುವವಳು ನಾನು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಬಡಿಸಿದವರಿಗೆ ಹೆಸರು, ಕೊನೆಯ ಪಂಕ್ತಿಗೆ ಉಳಿದದ್ದನ್ನು ಸರಿದೂಗಿಸಿ ಬಡಿಸುವವರಿಗೆ ಬೆನ್ನು ನೋವು. ಮೇಷ್ಟ್ರು ಅಂಚಿನಲ್ಲಿ ನಿಂತು, "ಬಾರಮ್ಮಾ, ಬಾಗ್ಲು ಹಾಕು" ಎಂದು ಕೂಗಿದರೆ ನಾನು ಓಡಬೇಕು.

ಆಟ ಶುರುಮಾಡಿದವಳಿಗೆ ಮುಂದಿನ ಮೂರು ನಾಲ್ಕು ದಿನ ರಜೆ. ನನಗಿಲ್ಲ. "ಅವಳೇನು ಹತ್ತಿಪ್ಪತ್ತು ಚೆಂಡು ಎಸೀತಾಳೆ ಅಷ್ಟೆ" ಎಂದು ಎಲ್ಲ ಪಂದ್ಯಕ್ಕೂ ನನ್ನನ್ನೇ ಇಳಿಸುತ್ತಿದ್ದರು, ನಾನೂ ಹಾಗೆಯೇ ನಂಬಿದ್ದೆ. ಪಂದ್ಯಾವಳಿಗಳು ಮುಗಿದ ಮೇಲೆ ಮೇಷ್ಟ್ರು ತಮ್ಮ ಉದ್ದನೆಯ ನೋಟ್‌ಬುಕ್ ತೆಗೆದು, ಆ ವರ್ಷ ಅತಿ ಹೆಚ್ಚು ಪಂದ್ಯಗಳಲ್ಲಿ ಮೈದಾನಕ್ಕಿಳಿದ ಪಿಚ್ಚರ್ ಯಾರೆಂದು ಓದಿ ಹೇಳುತ್ತಿದ್ದರು. ಅವರು ಈ ಲೆಕ್ಕ ಶುರುಮಾಡಿದ ಮೊದಲ ನಾಲ್ಕು ವರ್ಷವೂ ನನ್ನ ಹೆಸರೇ. ಬಹುಮಾನ ಒಂದು ಗೊನೆ ಎಳನೀರು. ತೆಂಗಿನ ತೋಟದವಳಿಗೆ ಎಳನೀರಿನ ಬಹುಮಾನ ಎಂದು ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಮಾತ್ರ ಆ ಗೊನೆಯನ್ನು ತುಮಕೂರಿನ ಮರಳೂರಿನಲ್ಲಿರುವ ನನ್ನ ಬಾಡಿಗೆ ಮನೆಯವರೆಗೂ ಸ್ಕೂಟರಿನಲ್ಲಿ ಮೆರವಣಿಗೆ ಮಾಡಿಕೊಂಡು ಬರುತ್ತಿದ್ದೆ. ಒಂದು ಪಂದ್ಯವನ್ನೂ ತಪ್ಪಿಸಿಲ್ಲ ಎನ್ನುವ ಜಂಬ ನನಗೆ ವಿಪರೀತವಾಗಿತ್ತು.

ಐದನೆಯ ವರ್ಷ ಕೈ ಭಾರವಾಗತೊಡಗಿತು.

ನೋವಲ್ಲ, ಭಾರ. ತುಂಬಿದ ಕೊಡವನ್ನು ಯಾರೋ ಕೈಗೆ ನೇತುಹಾಕಿ ಹೋದ ಹಾಗೆ. ಬೋರ್ಡಿನ ಮೇಲೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಕೈ ಸೋತು ಕೆಳಗಿಳಿಯುತ್ತಿತ್ತು. ಆಡಿದ ಮಾರನೆಯ ದಿನ ಬೆರಳು ಊದಿರುತ್ತಿತ್ತು, ಎರಡು ದಿನಕ್ಕೆ ಇಳಿಯುತ್ತಿತ್ತು. ಆಮೇಲೆ ಇಳಿಯುವುದೂ ನಿಂತಿತು. ಸ್ನಾನ ಮಾಡಿ ಕನ್ನಡಿ ಮುಂದೆ ನಿಂತರೆ ಬಲಭುಜದ ಮೇಲೆ ನೀಲಿ ನರಗಳು ಎದ್ದು ಕಾಣುತ್ತಿದ್ದವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನಗೆ ಕನ್ನಡಿಯೂ ಇತ್ತು, ಹುಣ್ಣೂ ಕಾಣುತ್ತಿತ್ತು, ಒಪ್ಪಿಕೊಳ್ಳುವ ಮನಸ್ಸು ಮಾತ್ರ ಇರಲಿಲ್ಲ. ತುಂಬುತೋಳಿನ ಟೀ-ಶರ್ಟು ಹಾಕಿಕೊಂಡು ಹೋಗತೊಡಗಿದೆ. ಮೇಷ್ಟ್ರಿಗೆ ಹೇಳಿದರೆ ಕೂರಿಸಿಬಿಡುತ್ತಾರೆ, ಲೆಕ್ಕ ತಪ್ಪಿಹೋಗುತ್ತದೆ ಎನ್ನುವುದಷ್ಟೇ ನನ್ನ ತಲೆಯಲ್ಲಿದ್ದದ್ದು.

ನಮ್ಮವ್ವ ತಿಂಗಳಲ್ಲಿ ಹದಿನೈದು ದಿನ ನನ್ನ ಜೊತೆ ಮರಳೂರಿನಲ್ಲಿ ಇರುತ್ತಾಳೆ. ಅವಳ ಕಣ್ಣು ತಪ್ಪಿಸಲಾಗಲಿಲ್ಲ. "ಉಳುಕಿರಬೇಕು, ತಾ ಇಲ್ಲಿ" ಎಂದು ಹರಳೆಣ್ಣೆ ಬಿಸಿಮಾಡಿ ಮೊಣಕೈಯಿಂದ ಭುಜದವರೆಗೆ ತಿಕ್ಕಿದಳು. ಎರಡು ದಿನ, ಬೆಳಿಗ್ಗೆ ಸಂಜೆ, ಹಲ್ಲು ಕಚ್ಚಿಕೊಂಡು ತಿಕ್ಕಿದಳು. ಅವ್ವನ ಕೈ ಬಿದ್ದರೆ ಯಾವ ಉಳುಕೂ ನಿಲ್ಲುವುದಿಲ್ಲ ಎಂದು ಊರಿನಲ್ಲಿ ಹೆಸರಿದೆ. ಇದು ಮಾತ್ರ ಹೋಗಲಿಲ್ಲ.

ಆ ಶುಕ್ರವಾರ ಕುಣಿಗಲ್ಲಿನಲ್ಲಿ ನಮ್ಮ ಗೀತಕ್ಕನ ಸೀಮಂತ. ಭಾನುವಾರ ಬೆಂಗಳೂರಿನಲ್ಲಿ ರಾಜ್ಯಮಟ್ಟದ ಪಂದ್ಯಾವಳಿಯ ಫೈನಲ್. ನಮ್ಮ ಜಿಲ್ಲೆಯ ಹುಡುಗಿಯರು ಫೈನಲ್‌ಗೆ ಬಂದದ್ದು ಅದೇ ಮೊದಲು. ಅದೊಂದು ಆಡಿಬಿಟ್ಟರೆ ಆ ವರ್ಷವೂ ಒಂದೂ ತಪ್ಪಿಸದ ಹಾಗಾಗುತ್ತಿತ್ತು. ಸೀಮಂತದ ಬಳೆ ತವರಿನದೇ ಆಗಬೇಕು, ಅದೂ ಹೊನ್ನಮ್ಮನ ಕೈಯಿಂದಲೇ ಆಗಬೇಕು ಎಂದು ಅಕ್ಕ ಹಟ ಹಿಡಿದಿದ್ದಳು. ಹಾಗಾಗಿ ಹೊನ್ನಮ್ಮನನ್ನೂ ಅವರ ಬಳೆಯ ಪೆಟ್ಟಿಗೆಯನ್ನೂ ಕಾರಿನಲ್ಲಿ ಕೂರಿಸಿಕೊಂಡೇ ಕುಣಿಗಲ್ಲಿಗೆ ಹೋದೆವು.

ಅಕ್ಕ ಹಸಿರು ಸೀರೆ ಉಟ್ಟು, ಮೊಗ್ಗಿನ ಜಡೆ ಹಾಕಿಕೊಂಡು ಹಸೆಮಣೆಯ ಮೇಲೆ ಕೂತಿದ್ದಳು. ಹೊನ್ನಮ್ಮ ಅವಳ ಎರಡು ಕೈತುಂಬ ಹಸಿರು ಬಳೆ ತೊಡಿಸಿದರು. ಆಮೇಲೆ ಅಲ್ಲಿ ಬಂದಿದ್ದ ಹೆಂಗಸರು, ಹೆಣ್ಣುಮಕ್ಕಳು ಎಲ್ಲರೂ ಸಾಲಾಗಿ ಕೂತು ತೊಡಿಸಿಕೊಳ್ಳುವ ಪದ್ಧತಿ. ನನ್ನ ಸರದಿ ಬಂತು. ಎಡಗೈಗೆ ಸರಾಗವಾಗಿ ಹೋದವು. ಬಲಗೈಗೆ ಟೂ-ಸಿಕ್ಸ್ ತೆಗೆದರು. ಬೆರಳ ಗೆಣ್ಣು ದಾಟಲಿಲ್ಲ. ಟೂ-ಎಯ್ಟ್ ತೆಗೆದರು. ಅದೂ ನಿಂತಿತು. ನಾನು ನಕ್ಕು, "ಫೈನಲ್ ಬಂತಲ್ಲ, ಗಂಡುಕೈ ಇನ್ನೂ ಬೆಳ್ದೈತೆ ಹೊನ್ನಮ್ಮ" ಎಂದೆ.

ಅವರು ನಗಲಿಲ್ಲ. ಬಳೆ ಪಕ್ಕಕ್ಕಿಟ್ಟು ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಮುಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಗುಳಿ ಬಿದ್ದದ್ದು ಹಾಗೆಯೇ ಉಳಿಯಿತು. ನನ್ನ ಎರಡೂ ಕೈಗಳನ್ನು ಜೋಡಿಸಿ ಬೆಳಕಿಗೆ ಹಿಡಿದು ನೋಡಿದರು.

"ಈ ಕೈಗೆ ನಾನು ಬಳೆ ಇಡಲ್ಲ ಕಣವ್ವ" ಎಂದರು.

ಸೀಮಂತದ ಮನೆಯಲ್ಲಿ ಬಳೆಗಾರ್ತಿ ಬಳೆ ಇಡಲ್ಲ ಎನ್ನುವುದು ಎಂಥ ಮಾತು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಕ್ಕನ ಅತ್ತೆಯ ಮುಖ ಕಪ್ಪಿಟ್ಟಿತು. ಅವ್ವನಿಗೆ ಬೀಗರ ಮುಂದೆ ಭೂಮಿಗಿಳಿದು ಹೋದಂತಾಯಿತು.

"ಹೊನ್ನಮ್ಮಾ, ಶುಭಕಾರ್ಯದಲ್ಲಿ ಎಂಥಾ ಮಾತಾಡೀಯ? ವಸಿ ಒತ್ತಿ ಇಡು, ಹೋಯ್ತದೆ" ಎಂದಳು ಅವ್ವ.

"ಒತ್ತಿದ್ರೆ ಹೋಯ್ತದೆ ಸಿದ್ದವ್ವ, ಆಚೆಗೆ ಬರಲ್ಲ. ಮದ್ವೆಯಾದಾಗ್ನಿಂದ ಇದೇ ಕಸುಬು ನಂದು. ಎಲುಬು ಅಡ್ಡ ಬಂದ್ರೆ ಗೊತ್ತಾಯ್ತದೆ, ಮಾಂಸ ಅಡ್ಡ ಬಂದ್ರೂ ಗೊತ್ತಾಯ್ತದೆ. ಇದು ಎರಡೂ ಅಲ್ಲ. ಕೈ ಊದೈತೆ. ಉಗುರು ನೋಡು, ನೇರಳೆಹಣ್ಣು ತಿಂದಂಗವೆ. ನನ್ನ ಬೈಕೊಳ್ಳಿ ಬೇಕಾದ್ರೆ, ಮೊದ್ಲು ಇವಳನ್ನ ಡಾಕ್ಟ್ರ ತಾವ ಕರ್ಕೊಂಡೋಗಿ."

ನಾನು ಕೈ ಎಳೆದುಕೊಂಡೆ. ಇಷ್ಟು ದಿನ ತುಂಬುತೋಳಿನಲ್ಲಿ ಮುಚ್ಚಿಟ್ಟದ್ದನ್ನು ಈ ಮುದುಕಿ ಮೂವತ್ತು ಜನರ ಮುಂದೆ ಬಿಚ್ಚಿಟ್ಟರಲ್ಲ ಎಂದು ಸಿಟ್ಟು ಬಂತು. "ಭಾನುವಾರ ಮ್ಯಾಚ್ ಮುಗಿಸ್ಕೊಂಡು ಸೋಮವಾರ ತೋರಿಸ್ತೀನಿ ಬಿಡಿ. ಇಷ್ಟಕ್ಕೆಲ್ಲ ಯಾಕೆ ರಂಪ?" ಎಂದೆ.

ಆಗ ಮಾತಾಡಿದ್ದು ಗೀತಕ್ಕ. ಹಸೆಮಣೆಯ ಮೇಲೆ ಕೂತವಳು ಆರತಿ ಆಗುವವರೆಗೆ ಏಳಬಾರದು. "ಈಗ್ಲೇ ಹೋಯ್ತೀಯೋ, ಇಲ್ಲಾ ನಾನು ಎದ್ದೇಳ್ಲೋ?" ಎಂದಳು. ತಮಾಷೆ ಎಂದುಕೊಂಡೆ. ಅವಳು ಏಳು ತಿಂಗಳ ಹೊಟ್ಟೆ ಹಿಡಿದು, ನೆಲಕ್ಕೆ ಕೈಯೂರಿಯೇಬಿಟ್ಟಳು. ಅವಳ ಅತ್ತೆ, "ಅಯ್ಯಯ್ಯೋ, ಕೂತ್ಕಳವ್ವ, ಕೂತ್ಕೋ!" ಎಂದು ಕೂಗಿ, ನನ್ನ ಕಡೆ ತಿರುಗಿ, "ಹೋಗವ್ವ ತಾಯಿ, ಹೋಗು, ನಮ್ಮನೆ ಮರ್ಯಾದೆ ಉಳ್ಸು" ಎಂದು ಕೈ ಮುಗಿದರು. ಭಾವ ಆಗಲೇ ಕಾರಿನ ಕೀ ಹುಡುಕುತ್ತಿದ್ದರು. ಊಟದ ಎಲೆ ಹಾಕುವ ಹೊತ್ತಿಗೆ ನಾನು, ಅವ್ವ, ಭಾವ ತುಮಕೂರಿನ ದಾರಿಯಲ್ಲಿದ್ದೆವು. ಹೊಟ್ಟೆ ಹಸಿದಿತ್ತು, ಹೋಳಿಗೆಯ ವಾಸನೆ ಸೀರೆಗೆ ಅಂಟಿಕೊಂಡು ಬಂದಿತ್ತು. ನಾನು ದಾರಿಯುದ್ದಕ್ಕೂ ಹೊನ್ನಮ್ಮನನ್ನು ಬೈದುಕೊಂಡೆ.

ತುಮಕೂರಿನ ಡಾಕ್ಟರು ಕೈ ನೋಡಿದ ಕೂಡಲೇ ಸ್ಕ್ಯಾನಿಂಗಿಗೆ ಬರೆದುಕೊಟ್ಟರು. ಸ್ಕ್ಯಾನಿಂಗ್ ಸೆಂಟರಿನಲ್ಲಿ ಕಾಯುವ ಕೋಣೆ ತುಂಬಿತ್ತು. ಒಬ್ಬೊಬ್ಬರೂ ಮಡಿಲಲ್ಲಿ ಫೈಲು ಇಟ್ಟುಕೊಂಡು, ಬಾಗಿಲು ತೆರೆದಾಗಲೆಲ್ಲ ಒಟ್ಟಿಗೆ ತಲೆ ಎತ್ತುತ್ತಿದ್ದರು. ಹೆಸರು ತಮ್ಮದಲ್ಲ ಎಂದು ಗೊತ್ತಾದಾಗ ಒಟ್ಟಿಗೆ ತಲೆ ತಗ್ಗಿಸುತ್ತಿದ್ದರು. ಅಲ್ಲಿ ಕೂತಾಗ ಮೊದಲ ಬಾರಿಗೆ ಭಯವಾಯಿತು. ಮೈದಾನದಲ್ಲಿ ಎಷ್ಟು ಒತ್ತಡವಿದ್ದರೂ ಚೆಂಡು ನನ್ನ ಕೈಯಲ್ಲಿರುತ್ತಿತ್ತು. ಇಲ್ಲಿ ಕೈಯೇ ನನ್ನದಲ್ಲದ ಹಾಗಿತ್ತು.

ಪಕ್ಕದಲ್ಲಿ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡ ಒಬ್ಬ ಅಜ್ಜ ಕೂತಿದ್ದರು. "ಏನವ್ವಾ ಕೈಗೆ, ಬಿದ್ಯಾ?" ಎಂದು ಕೇಳಿದರು.

"ಇಲ್ಲಜ್ಜ, ಚೆಂಡೆಸ್ದು ಹಿಂಗಾಗೈತೆ."

"ಚೆಂಡೆಸೆದ್ರೆ ಕೈ ಊದ್ಕತದಾ? ಅದೇನು ಚೆಂಡೋ, ಗುಂಡುಕಲ್ಲೋ?"

ಭಯದಲ್ಲೂ ನಗು ಬಂತು. ಅಜ್ಜ ನನ್ನ ಬೆರಳನ್ನೊಮ್ಮೆ ನೋಡಿದರು, ಆಮೇಲೆ ಅವ್ವನ ಮುಖ ನೋಡಿದರು. ಸ್ವಲ್ಪ ಹೊತ್ತಿಗೆ ಅವರ ಹೆಸರು ಕೂಗಿದಾಗ ಏಳಲಿಲ್ಲ. "ಈ ಮಗೀನ ಮೊದ್ಲು ಕರ್ಕೊಳಿ. ನಂದು ಹಳೇ ಕಾಲು, ಎಲ್ಲಿಗೂ ಓಡೋಗಲ್ಲ" ಎಂದರು. ಅವರ ಊರು ಯಾವುದೆಂದು ಕೇಳುವುದು ಮರೆತೆ. ಇವತ್ತಿಗೂ ಆ ಬೇಜಾರು ಹೋಗಿಲ್ಲ.

ಒಳಗೆ ಡಾಕ್ಟರಮ್ಮ ತಣ್ಣನೆಯ ಜೆಲ್ ಹಚ್ಚಿ ಭುಜದ ಸುತ್ತ ಸ್ಕ್ಯಾನ್ ಮಾಡಿದರು. ಮಾತಾಡುತ್ತಾ ಮಾಡುತ್ತಿದ್ದವರು ಒಂದೇ ಜಾಗವನ್ನು ಮತ್ತೆ ಮತ್ತೆ ಒತ್ತಿ ನೋಡತೊಡಗಿದರು. ಅಷ್ಟರಲ್ಲೇ ನನಗೆ ಗೊತ್ತಾಯಿತು. ಭುಜದ ಒಳಗಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿದೆ, ಅದು ಅಲ್ಲಿಂದ ಎದ್ದು ಶ್ವಾಸಕೋಶಕ್ಕೆ ಹೋದರೆ ಕಷ್ಟ, ಇವತ್ತೇ ಬೆಂಗಳೂರಿಗೆ ಹೊರಡಿ ಎಂದರು.

"ಭಾನುವಾರ ಫೈನಲ್ ಇದೆ ಡಾಕ್ಟ್ರೇ" ಎಂದೆ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಗೊತ್ತಿಲ್ಲ.

ಅವರು ಕನ್ನಡಕದ ಮೇಲಿಂದ ನೋಡಿದರು. "ಎಲ್ಲಾ ಭಾನುವಾರಾನೂ ಬೇಕಾ, ಇದೊಂದೇ ಸಾಕಾ?" ಎಂದರು.

ಜೊತೆಗೆ ಒಳಗೆ ಬಂದಿದ್ದ ಅವ್ವ ಮುಂದೆ ಬಂದಳು. ಎರಡು ದಿನ ಎಣ್ಣೆ ಹಚ್ಚಿ ತಿಕ್ಕಿದೆ, ಅದರಿಂದ ಏನಾದರೂ ಆಯಿತಾ ಎಂದು ಕೇಳಿದಳು. ಡಾಕ್ಟರಮ್ಮ ಅವ್ವನ ಕಡೆ ತಿರುಗಿದರು. "ಇನ್ಮೇಲೆ ತಿಕ್ಕಬೇಡಿ, ಹೆಪ್ಪು ಅಲ್ಲಾಡಬಹುದು. ಏನೂ ಆಗಿಲ್ಲ, ಕರ್ಕೊಂಡು ಬಂದಿದ್ದೀರಲ್ಲ, ಅದು ಮುಖ್ಯ" ಎಂದರು. ಅವ್ವ ಹೊರಗೆ ಬಂದು ಗೋಡೆಗೆ ಒರಗಿ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡು ಅತ್ತಳು. ಅವ್ವ ಅಷ್ಟು ಜನರ ಮುಂದೆ ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹೊನ್ನಮ್ಮನ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ಕೊನೆಯಾಯಿತು.

ಕಾರಿನಿಂದಲೇ ಮೇಷ್ಟ್ರಿಗೆ ಫೋನ್ ಮಾಡಿದೆ. ಬೈಗುಳ ನಿರೀಕ್ಷಿಸಿದ್ದೆ. ಅವರು ಬೈಯಲಿಲ್ಲ. "ಎಷ್ಟು ದಿನದಿಂದ?" ಎಂದರು. ಮೂರು ವಾರ ಎಂದೆ. "ಬಾಗ್ಲು ಬೇರೆಯವರು ಹಾಕ್ತಾರೆ ಕಣಮ್ಮ. ನೀನು ವಾಸಿಯಾಗು" ಎಂದು ಇಟ್ಟುಬಿಟ್ಟರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಕೈಯ ನಾಳದೊಳಕ್ಕೆ ತೆಳ್ಳನೆಯ ಟ್ಯೂಬು ಹಾಕಿ, ಹೆಪ್ಪು ಕರಗಿಸುವ ಔಷಧಿ ಬಿಟ್ಟರು. ಕೈ ಅಲ್ಲಾಡಿಸದೆ ಮಲಗಿರಬೇಕು. ಹತ್ತು ವರ್ಷ ಒಂದು ಕಡೆ ಸುಮ್ಮನಿರದ ಕೈ ಅದು. ಅಲ್ಲಿನ ಡಾಕ್ಟರು ವಿವರಿಸಿದ್ದು ಇಷ್ಟೇ: ಕತ್ತಿನ ಬುಡದಲ್ಲಿ ಮೊದಲನೆಯ ಪಕ್ಕೆಲುಬು, ಅದರ ಮೇಲೆ ಭುಜದವರೆಗೆ ಚಾಚುವ ಕೊರಳೆಲುಬು, ಮಧ್ಯದ ಸಂದಿನಲ್ಲಿ ರಕ್ತನಾಳ. ನಾನು ಕೈಯೆತ್ತಿ ಎಸೆದಾಗಲೆಲ್ಲ, ಬಾಗಿಲ ಸಂದಿಗೆ ಬೆರಳು ಸಿಕ್ಕ ಹಾಗೆ ಆ ನಾಳ ಸಿಕ್ಕಿಕೊಂಡು ಜಜ್ಜಿಹೋಗುತ್ತಿತ್ತು. ಎಷ್ಟು ಸಲ ಎಸೆದಿದ್ದೀರಿ ಎಂದು ಕೇಳಿದರು. ನಾನು ಪಂದ್ಯಗಳ ಲೆಕ್ಕ ಹೇಳಿದೆ. "ಮ್ಯಾಚ್ ಅಲ್ಲ, ಎಸೆತ" ಎಂದರು. ಅದು ನನಗೂ ಗೊತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಆಶಾ ಫೋನ್ ಮಾಡಿದಳು. ಹಿನ್ನೆಲೆಯಲ್ಲಿ ಕಿರುಚಾಟ. "ಗೆದ್ವಿ ಕಣೇ!" ಎಂದಳು. ಕೊನೆಯ ಇನ್ನಿಂಗ್ಸನ್ನು, ಅಂದರೆ ಎದುರಾಳಿಗಳಲ್ಲಿ ಮೂವರು ಔಟಾಗುವವರೆಗಿನ ಸರದಿಯನ್ನು, ಎಸೆದವಳು ರಮ್ಯಾ, ವರ್ಷವಿಡೀ ಬೆಂಚಿನ ಮೇಲೆ ಕೂತಿದ್ದವಳು. ನನ್ನ ಮನಸ್ಸಿಗೆ ಮೊದಲು ಬಂದದ್ದೇನು ಎಂದು ಸುಳ್ಳು ಹೇಳದೆ ಬರೆಯುತ್ತೇನೆ. ನಾನಿಲ್ಲದೆಯೂ ಗೆದ್ದರಲ್ಲ, ಎಂದು ಹೊಟ್ಟೆ ಉರಿಯಿತು. ದಿಂಬಿಗೆ ಮುಖ ತಿರುಗಿಸಿಕೊಂಡು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ನಿಧಾನಕ್ಕೆ ಇನ್ನೊಂದು ಭಾವನೆ ಬಂತು. ನಾನಿಲ್ಲದೆಯೂ ಗೆಲ್ಲುತ್ತಾರೆ ಅಂದ ಮೇಲೆ ನಾನು ಪ್ರತಿ ಸಲ ಓಡಬೇಕಿಲ್ಲ. ಅಷ್ಟು ವರ್ಷ ಹೊತ್ತಿದ್ದ ಒಂದು ಹೊರೆ ಇಳಿದ ಹಾಗಾಯಿತು, ಅವತ್ತು ಚೆನ್ನಾಗಿ ನಿದ್ದೆ ಮಾಡಿದೆ.

ಮಾರನೆಯ ದಿನ ಹೆಪ್ಪು ಕರಗಿದೆ ಎಂದು ಡಾಕ್ಟರು ಹೇಳಿದರು. ಅವ್ವ ಎರಡು ಕೈ ಎತ್ತಿ ಮುಗಿದು, "ಬೆಟ್ಟದಂಗೆ ಬಂದದ್ದು ಮಂಜಿನಂಗೆ ಕರಗ್ತು ಕಣಪ್ಪ" ಎಂದಳು. ಡಾಕ್ಟರಿಗೆ ಗಾದೆ ಬಹಳ ಹಿಡಿಸಿತು. ಆದರೆ ಸಂದು ಹಾಗೆಯೇ ಇದ್ದರೆ ಮತ್ತೆ ಹೆಪ್ಪುಗಟ್ಟಬಹುದು, ಆ ಪಕ್ಕೆಲುಬನ್ನು ತೆಗೆದುಬಿಡುವುದೇ ಒಳ್ಳೆಯದು ಎಂದರು. ಪಕ್ಕೆಲುಬು ಎಂದ ಕೂಡಲೇ ಅವ್ವನ ಮುಖ ಬಿಳುಪೇರಿತು. ತಡವರಿಸಿ, "ಮುಂದೆ ಮದ್ವೆ ಗಿದ್ವೆಗೆ ಏನಾರ ತೊಂದ್ರೆ ಆದಾತಾ ಸಾ?" ಎಂದು ಕೇಳಿದಳು.

"ಪಕ್ಕೆಲುಬು ಎಣಿಸೋಕೆ ಯಾರೂ ಹೆಣ್ಣು ನೋಡೋಕೆ ಬರಲ್ಲಮ್ಮ" ಎಂದರು ಡಾಕ್ಟರು. ಮಂಚದ ಪಕ್ಕ ನಿಂತಿದ್ದ ಅಪ್ಪ ಅಷ್ಟು ದಿನಗಳಲ್ಲಿ ಮೊದಲ ಸಲ ಜೋರಾಗಿ ನಕ್ಕರು. ಪಕ್ಕದ ಹಾಸಿಗೆಯವರೂ ನಕ್ಕರು.

ಮೇಷ್ಟ್ರು ನೋಡಲು ಬಂದದ್ದು ಆಪರೇಷನ್ ಆದ ಮೂರನೆಯ ದಿನ. ಕೈಯಲ್ಲಿ ಎಳನೀರು ಇರಲಿಲ್ಲ, ಆ ಉದ್ದನೆಯ ನೋಟ್‌ಬುಕ್ ಇತ್ತು. ಕುರ್ಚಿಯ ತುದಿಯಲ್ಲಿ ಕೂತು ಅದನ್ನು ತೊಡೆಯ ಮೇಲೆ ತೆರೆದರು.

"ತಪ್ಪು ನಂದು ಕಣಮ್ಮ" ಎಂದರು. "ಎಷ್ಟು ಮ್ಯಾಚು ಅಂತ ಬರ್ಕೊಂಡೆ. ಎಷ್ಟು ಎಸೆತ ಅಂತ ಬರ್ಕೊಳ್ಳಿಲ್ಲ. ಅಂಚಿನಲ್ಲಿ ನಿಂತು ಕೈ ಬಿಸಿ ಮಾಡ್ಕೊಂಡಿದ್ದನ್ನಂತೂ ಲೆಕ್ಕಕ್ಕೇ ತಗೊಳ್ಳಿಲ್ಲ."

ಅದು ನಿಜ. ಯಾವಾಗ ಕರೆಯುತ್ತಾರೋ ಎಂದು ನಾನು ಪ್ರತಿ ಪಂದ್ಯದಲ್ಲೂ ಮೈದಾನದಾಚೆ ನಿಂತು ಎರಡು ಮೂರು ಸುತ್ತು ಎಸೆದು ಸಿದ್ಧವಾಗುತ್ತಿದ್ದೆ. ಆಶಾ ಸುಧಾರಿಸಿಕೊಂಡರೆ ಕೂರುತ್ತಿದ್ದೆ, ಅವಳು ಮತ್ತೆ ತಡವರಿಸಿದರೆ ಎದ್ದು ಮತ್ತೆ ಎಸೆಯುತ್ತಿದ್ದೆ. ಒಳಗೆ ಎಸೆದದ್ದು ಹದಿನೈದಾದರೆ ಹೊರಗೆ ಎಸೆದದ್ದು ಅದರ ಮೂರರಷ್ಟು. ಅದನ್ನು ಯಾರೂ ನೋಡುತ್ತಿರಲಿಲ್ಲ, ನಾನೂ ನೋಡಿರಲಿಲ್ಲ.

"ತಪ್ಪು ನಂದೂ ಐತೆ ಸಾರ್. ಮುಚ್ಚಿಟ್ಟವಳು ನಾನು" ಎಂದೆ.

ಅವರು ಪುಟ ತಿರುಗಿಸಿ ತೋರಿಸಿದರು. ಸ್ಕೇಲು ಇಟ್ಟು ಕೆಂಪು ಇಂಕಿನಲ್ಲಿ ಹೊಸ ಗೆರೆಗಳನ್ನು ಎಳೆದಿದ್ದರು. ಒಂದರ ಮೇಲೆ 'ಎಸೆತ', ಇನ್ನೊಂದರ ಮೇಲೆ 'ವಿಶ್ರಾಂತಿ' ಎಂದು ಬರೆದಿತ್ತು. ವಿಶ್ರಾಂತಿಯ ಕೆಳಗೆ ಮೊದಲ ಹೆಸರು ನನ್ನದೇ. "ಇದ್ರಲ್ಲೂ ನೀನೇ ಮೊದ್ಲು ಕಣಮ್ಮ" ಎಂದು ಹೇಳಿ, ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ಮೇಷ್ಟ್ರ ಕಣ್ಣೀರು ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ.

ಹಾಗಲವಾಡಿಗೆ ಬಂದ ಮೇಲಿನ ತಿಂಗಳುಗಳು ಅವ್ವನ ಆಡಳಿತದಲ್ಲಿ ಕಳೆದವು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವಾಗ ಗಾಯ ಮಾಡಿಕೊಳ್ಳಬಾರದು ಎಂದು ಯಾರೋ ಹೇಳಿದ್ದೇ ತಡ, ಈಳಿಗೆಮಣೆ ಅಟ್ಟಕ್ಕೇರಿತು. ಕತ್ತರಿ, ಚಾಕು, ಕೊನೆಗೆ ಅಪ್ಪನ ಶೇವಿಂಗ್ ಬ್ಲೇಡು ಕೂಡ ಹೋಯಿತು. ಅಪ್ಪ ಗಡ್ಡ ಬಿಟ್ಟುಕೊಂಡು ಓಡಾಡಿದರು. ಈಳಿಗೆಮಣೆಯ ಪಕ್ಕದಲ್ಲೇ ನನ್ನ ಗ್ಲೌಸು, ಚೆಂಡು, ಬೂಟುಗಳನ್ನೂ ಕಟ್ಟಿ ಇಟ್ಟಳು. "ಎಸ್ದಿದ್ದು ಸಾಕು. ನಂಗೆ ಕಪ್ಪು ಬ್ಯಾಡ, ಮಗಳು ಬೇಕು" ಎಂದಳು. ಎಣ್ಣೆ ತಿಕ್ಕಿದ ತನ್ನ ಕೈಗಳನ್ನು ಅವಳು ಇನ್ನೂ ಕ್ಷಮಿಸಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಕೈ ನಿಧಾನವಾಗಿ ನನ್ನದಾಯಿತು. ಮೊದಲು ತಲೆ ಬಾಚಿಕೊಂಡೆ, ಆಮೇಲೆ ಬಾವಿಕಟ್ಟೆಯ ಹತ್ತಿರ ಒಂದು ತಂಬಿಗೆ ನೀರು ಎತ್ತಿದೆ, ಆಮೇಲೆ ಶಾಲೆಗೆ ಮರಳಿ ಬೋರ್ಡಿನ ಮೇಲೆ ಹತ್ತು ಸಾಲು ಬರೆದೆ. ಹತ್ತನೆಯ ಸಾಲು ಮುಗಿಸಿದಾಗ ಭಾರವಿಲ್ಲ ಎಂದು ಗೊತ್ತಾಗಿ, ಎಂಟನೇ ಕ್ಲಾಸಿನ ಮಕ್ಕಳ ಮುಂದೆ ಸುಮ್ಮಸುಮ್ಮನೆ ನಕ್ಕುಬಿಟ್ಟೆ. ಅಂಥ ಸಣ್ಣ ಸಂತೋಷಗಳನ್ನು ನಾನು ಹಿಂದೆಂದೂ ಗಮನಿಸಿರಲಿಲ್ಲ. ಆರನೆಯ ತಿಂಗಳ ತಪಾಸಣೆಯಲ್ಲಿ ಡಾಕ್ಟರು ಮಾತ್ರೆ ನಿಲ್ಲಿಸಿದರು. ಕೇಳಲೋ ಬೇಡವೋ ಎಂದುಕೊಂಡೇ, "ಎಸೀಬಹುದಾ?" ಎಂದು ಕೇಳಿದೆ. ನಿಧಾನವಾಗಿ, ಲೆಕ್ಕ ಇಟ್ಟುಕೊಂಡು ಎಸೆಯಬಹುದು ಎಂದರು. ಅವ್ವ ಪಕ್ಕದಲ್ಲೇ ಇದ್ದಳು. ತುಮಕೂರಿನ ಬಸ್ಸಿನಲ್ಲಿ ನನ್ನ ಪಕ್ಕ ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತಳು.

ಹಾಗೆಂದು ತಡೆಯಲೂ ಇಲ್ಲ. ಸಂಜೆ ಹೊತ್ತು ಮೇಷ್ಟ್ರ ಜೊತೆ ಮೈದಾನಕ್ಕೆ ಹೋಗಿ, ಇನ್ನೊಬ್ಬರ ಗ್ಲೌಸು ಹಾಕಿಕೊಂಡು ಹತ್ತು, ಆಮೇಲೆ ಇಪ್ಪತ್ತು ಎಸೆದು ಬರುತ್ತಿದ್ದೆ. ಮೇಷ್ಟ್ರು ಒಂದೊಂದನ್ನೂ ಬರೆದುಕೊಳ್ಳುತ್ತಿದ್ದರು. ಮರಳೂರಿನ ಮನೆಗೆ ಬಂದರೆ ಅವ್ವ ನನ್ನ ಎರಡೂ ಕೈಗಳನ್ನು ಜೋಡಿಸಿ ಬೆಳಕಿಗೆ ಹಿಡಿದು ಉಗುರು ನೋಡಿ ಬಿಡುತ್ತಿದ್ದಳು. ಹೊನ್ನಮ್ಮ ನೋಡಿದ ಹಾಗೆಯೇ.

ಈಗಲೂ ಯಾವುದೋ ಊರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಯಾರೋ ತಮ್ಮ ಹೆಸರಿಗೆ ಕಾಯುತ್ತಾ ಕೂತಿರುತ್ತಾರೆ. ತುಂಬುತೋಳಿನಲ್ಲಿ ಏನನ್ನೋ ಮುಚ್ಚಿಕೊಂಡು ಇನ್ನೂ ಮನೆಯಲ್ಲೇ ಇರುವವರೂ ಇರುತ್ತಾರೆ. ಅವರಿಗೆ ನಾನು ಬುದ್ಧಿ ಹೇಳುವುದಿಲ್ಲ, ನನಗೇ ಬುದ್ಧಿ ಇರಲಿಲ್ಲ. ನಿಮ್ಮ ಕೈ ಹಿಡಿದು ನೋಡಿ ಮುಖ ಗಂಟಿಕ್ಕುವವರು ಯಾರಾದರೂ ಇದ್ದರೆ ಕೈ ಎಳೆದುಕೊಳ್ಳಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಮೊನ್ನೆ ಹಾಗಲವಾಡಿಯ ನಮ್ಮ ಮನೆಯಲ್ಲಿ ಗೀತಕ್ಕನ ಮಗಳಿಗೆ ನಾಮಕರಣ. ಕುಣಿಗಲ್ಲಿನ ಬೀಗರೆಲ್ಲ ಬಂದಿದ್ದರು. ಹೊನ್ನಮ್ಮನೂ ಪೆಟ್ಟಿಗೆ ಸಮೇತ ಬಂದರು. ಅಕ್ಕನ ಅತ್ತೆ ತಾವೇ ಎದ್ದುಹೋಗಿ ಅವರಿಗೆ ಮಣೆ ಹಾಕಿದರು. ಮಗುವಿನ ಕೈಗೆ ಕರಿಮಣಿಯ ಬಳೆ ಕಟ್ಟಿ, ಅಕ್ಕನಿಗೆ ತೊಡಿಸಿ, ಕೊನೆಗೆ ಹೊನ್ನಮ್ಮ, "ಬಾರವ್ವ ಬಾಕಿದಾರ್ತಿ" ಎಂದು ನನ್ನನ್ನು ಕರೆದರು.

ಎಡಗೈ ಮುಗಿಯಿತು. ಬಲಗೈಗೆ ಹಳೆಯ ಅಭ್ಯಾಸದಂತೆ ಟೂ-ಸಿಕ್ಸ್ ತೆಗೆದು ಜಾರಿಸಿದರು. ಅದು ಮೊಣಕೈಯವರೆಗೆ ಓಡಿಹೋಯಿತು. ಎಸೆತ ಬಿಟ್ಟ ಕೈ ಸಣ್ಣಗಾಗಿತ್ತು. ತೆಗೆದು, ಎಡಗೈಗೆ ತೊಡಿಸಿದ ಕಟ್ಟಿನಿಂದಲೇ ಟೂ-ಫೋರ್ ಬಿಡಿಸಿ, ಬೆರಳು ಹಿಸುಕಿ ಹಾಕಿದರು. ಸರಿಯಾಗಿ ಕೂತಿತು. ಮುಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಗುಳಿ ಬೀಳಲಿಲ್ಲ.

"ಎರಡೂ ಹೆಣ್ಣೇ ಆದ್ವಲ್ಲವ್ವ" ಎಂದು ನಕ್ಕು, ಒಂದೊಂದಾಗಿ ಆರು ಬಳೆ ಏರಿಸಿದರು. ಎಲ್ಲರೂ ನೋಡುತ್ತಿದ್ದರು. ನಾನು ಹೊನ್ನಮ್ಮನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ. ಅವರು ಮುಜುಗರದಿಂದ, "ಬುಡವ್ವ, ಬುಡು, ಬಳೆ ಒಡ್ದೋದಾವು" ಎಂದರು.

ಅವ್ವ ಆಗ ಅಲ್ಲಿರಲಿಲ್ಲ. ಎಲ್ಲಿಗೆ ಹೋದಳೆಂದು ನೋಡಿದರೆ, ಸೆರಗಿಗೆ ಅಟ್ಟದ ಜೇಡರ ಬಲೆ ಮೆತ್ತಿಕೊಂಡು ಒಳಗಿನಿಂದ ಬಂದಳು. ಒಂದು ಕೈಯಲ್ಲಿ ಈಳಿಗೆಮಣೆ, ಇನ್ನೊಂದರಲ್ಲಿ ನನ್ನ ಗ್ಲೌಸು. ಮಾರನೆಯ ದಿನ ತುಮಕೂರಿನಲ್ಲಿ ಪಂದ್ಯವಿತ್ತು. ಮೇಷ್ಟ್ರು ನನಗೆ ಒಂದೇ ಇನ್ನಿಂಗ್ಸ್, ಎಣಿಸಿ ಹದಿನೈದೇ ಎಸೆತ ಎಂದಿದ್ದರು. ಆ ವಿಷಯವನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಮೇಷ್ಟ್ರೇ ಅವ್ವನಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದ್ದರೆಂದು ಆಮೇಲೆ ಗೊತ್ತಾಯಿತು.

ಅವ್ವ ಗ್ಲೌಸನ್ನು ನನ್ನ ಮಡಿಲಿಗೆ ಹಾಕಿ, ಬಲಗೈಯ ಬಳೆಗಳನ್ನು ಒಮ್ಮೆ ಹಿಂದೆ ಮುಂದೆ ಸರಿಸಿ ನೋಡಿದಳು.

"ಸಲೀಸಾಗವೆ. ನಾಳೀಕೆ ಹೋಗೋವಾಗ ಬಿಚ್ಚಿಟ್ಟೋಗು" ಎಂದಳು. "ಬಂದ್ಮೇಲೆ ನಾನೇ ಇಡ್ತೀನಿ."